ಪರದೇಶದಲ್ಲಿ ಆಂಗ್ಲೇಯರ ಬೆಳಗಿನ ಊಟ

ನಮ್ಮ ಶಾಲೆಯ ಈ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿಕೊಂಡಾಗ, ಸ್ತ್ರೀವಿದ್ಯಾಭ್ಯಾಸ, ಶಾಲೆಯ ಪೂರ್ವಚರಿತ್ರೆ, ಪ್ರಾರ್ಥನಾಜೀವನ ಮೊದಲಾದ ಗಂಭೀರ ವಿಷಯಗಳೆಲ್ಲವನ್ನೂ ಇತರ ಸೋದರಿಯರು ಮೊದಲೇ ಕೈಕೊಂಡುಬಿಟ್ಟಿರುವರೆಂದು ತಿಳಿದುಬಂದಿತು. ನಮಗೆ ಉಳಿದದ್ದು ಊಟದ ವಿಷಯ. ಬೋರ್ಡಿಂಗಿನಲ್ಲಿ ಬೆಳೆದ ಹೆಣ್ಣುಮಕ್ಕಳಿಗೆ ಅದು ಅಲ್ಪವಾದ ವಿಷಯವಲ್ಲವೆಂಬುದನ್ನು ನಮ್ಮ ವಾಚಕಿಯರಿಗೆ ಹೇಳಬೇಕಾದ ಅವಶ್ಯವಿಲ್ಲ.

ಕಳೆದ ವರ್ಷದ ಹಳೆಯ ವಿದ್ಯಾರ್ಥಿನಿಯರ ಕೂಟದಲ್ಲಿ, ಸ್ಪೇನ್ ದೇಶವನ್ನು ನೋಡಿಕೊಂಡು ಬಂದಿದ್ದ ಸೋದರಿಯೊಬ್ಬರು ಅಲ್ಲಿಯ ಸಮುದ್ರತೀರದ ಊರುಗಳ ವಿಚಾರವಾಗಿ ಒಂದು ಸಂಗತಿಯನ್ನು ಹೇಳಿದರು. ಬೆನಿಡಾರ್ಮ್ ಎಂಬ ಊರಿನಲ್ಲಿ ಬೀದಿಗೆ ಬೀದಿಯೇ ಇಂಗ್ಲಿಷರ ಬೆಳಗಿನ ಊಟದ ಅಂಗಡಿಗಳಂತೆ. ಒಂದೊಂದರ ಮುಂದೆಯೂ ಮೊಟ್ಟೆ, ಹಂದಿಯ ಮಾಂಸದ ಹೋಳು, ಹುರುಳಿಯಂಥ ಕಾಳು ಇವುಗಳ ಬಣ್ಣದ ಚಿತ್ರವಿರುವ ಹಲಗೆಯಂತೆ. ಬಿಸಿಲಿಗಾಗಿ ಸಾವಿರ ಮೈಲಿ ಹಾರಿಬಂದ ಇಂಗ್ಲಿಷರು ಅಲ್ಲಿ ಕುಳಿತು, ತಮ್ಮ ಊರಿನಲ್ಲಿ ತಿನ್ನುತ್ತಿದ್ದುದನ್ನೇ ತಿನ್ನುತ್ತಿರುವರಂತೆ. "ಊರು ಬಿಟ್ಟರೂ ತಟ್ಟೆ ಬಿಡದವರು" ಎಂದು ಅವರು ಮುಗಿಸಿದಾಗ ಎಲ್ಲರೂ ನಕ್ಕೆವು. ಆದರೆ ಅದೇ ಸೋದರಿಯು ಆ ಪ್ರಯಾಣಕ್ಕೆ ಹೊರಡುವಾಗ ತಮ್ಮ ಪೆಟ್ಟಿಗೆಯಲ್ಲಿ ಚಟ್ನಿಪುಡಿಯ ನಾಲ್ಕು ಪೊಟ್ಟಣಗಳನ್ನೂ ಒಂದು ಸೇರು ಹುರಿದ ಅವಲಕ್ಕಿಯನ್ನೂ ಇಟ್ಟುಕೊಂಡಿದ್ದರೆಂಬುದು, ಕಾಫಿಯ ಹೊತ್ತಿಗೆ ಅವರ ಬಾಯಿಂದಲೇ ಹೊರಬಿತ್ತು. ಆಗಲೂ ನಕ್ಕೆವು, ಆದರೆ ಆ ನಗೆಯು ಬೇರೆ ತೆರನಾಗಿತ್ತು.

ಈ ವಿಚಾರದಲ್ಲಿ ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಪರದೇಶದಲ್ಲಿರುವ ಆಂಗ್ಲೇಯನು ತನ್ನ ಬೆಳಗಿನ ಊಟವನ್ನು ಹುಡುಕಿಕೊಂಡು ಹೋಗುವುದರಲ್ಲಿ ಪರಿಹಾಸ್ಯಕ್ಕೆ ಆಸ್ಪದವಿಲ್ಲ. ಮನುಷ್ಯನು ಮಧ್ಯಾಹ್ನದಲ್ಲಿ ಪರರ ಊಟವನ್ನು ಧೈರ್ಯವಾಗಿ ಉಣ್ಣಬಲ್ಲನು, ರಾತ್ರಿಯಲ್ಲಿ ಕುತೂಹಲದಿಂದ ಉಣ್ಣಬಲ್ಲನು. ಆದರೆ ನಿದ್ದೆಯಿಂದ ಎದ್ದು, ಇನ್ನೂ ತನ್ನ ಮನೆಯ ಕನಸು ಕಣ್ಣಿನಲ್ಲಿರುವಾಗ, ಅವನಿಗೆ ಬೇಕಾಗುವುದು ತಾಯಿಯು ಇಡುತ್ತಿದ್ದ ತಟ್ಟೆಯೇ. ಹುಡುಕುವುದರಲ್ಲಿ ದೋಷವಿಲ್ಲ, ಹುಡುಕುವ ರೀತಿಯಲ್ಲಿ ದೋಷವಿರಬಹುದು. ಅರಣ್ಯದಲ್ಲಿ ನಡೆದ ಇಸ್ರಾಯೇಲ್ಯರು ಐಗುಪ್ತದ ಸೌತೆಕಾಯಿ, ಕರ್ಬೂಜ, ಉಳ್ಳಿಗಡ್ಡೆ, ಬೆಳ್ಳುಳ್ಳಿಗಳನ್ನು ನೆನಸಿ ಅತ್ತರೆಂದು ಅರಣ್ಯಕಾಂಡದಲ್ಲಿ ಓದಿದ್ದೇವಷ್ಟೆ. ಉಳ್ಳಿಗಡ್ಡೆಯನ್ನು ನೆನೆದದ್ದು ಅವರ ಪಾಪವಾಗಿರಲಾರದೆಂದು ನಮಗೆ ಯಾವಾಗಲೂ ತೋರಿದೆ. ಎದುರಿಗಿದ್ದ ಮನ್ನವನ್ನು ಹೀನೈಸಿ ಮಾತನಾಡಿದರಲ್ಲ, ಅದು ಬೇರೆ ಮಾತು.

ಈ ಊಟವೆಂದರೆ ಏನೆಂಬುದನ್ನು, ನೋಡದೆ ಇರುವ ತಾಯ್ತಂದೆಗಳಿಗಾಗಿ ಸ್ವಲ್ಪ ವಿವರಿಸುತ್ತೇವೆ. ಉಪ್ಪಿನಲ್ಲಿ ಹದಗೊಳಿಸಿದ ಹಂದಿಯ ಮಾಂಸದ ತೆಳು ಹೋಳುಗಳು, ಅಂದರೆ ಬೇಕನ್, ಸಾಸೇಜು, ಕರಿದ ಮೊಟ್ಟೆ, ಅರ್ಧ ಮಾಡಿ ಬಾಡಿಸಿದ ಟೊಮೇಟೊ, ಅಣಬೆ, ಕೊಬ್ಬಿನಲ್ಲಿ ಕರಿದ ರೊಟ್ಟಿಯ ತುಂಡು, ಟೊಮೇಟೊ ರಸದಲ್ಲಿ ಬೆಂದ ಬಿಳಿಯ ಹುರುಳಿಕಾಯಿಯ ಕಾಳು, ಉತ್ತರದ ಸೀಮೆಗಳಲ್ಲಿ ಹಂದಿಯ ರಕ್ತಕ್ಕೆ ಓಟ್ಸ್ ಅಥವಾ ಬಾರ್ಲಿಯನ್ನು ಸೇರಿಸಿ ಮಾಡಿದ ಕಪ್ಪು ಪುಡ್ಡಿಂಗು. ಇವೆಲ್ಲ ಒಂದೇ ತಟ್ಟೆಯಲ್ಲಿ, ಒಂದೇ ಹೊತ್ತಿಗೆ, ಬಿಸಿಯಾಗಿ ಬರಬೇಕು. ಇದಾದ ಮೇಲೆ ಸುಟ್ಟ ರೊಟ್ಟಿ, ಬೆಣ್ಣೆ, ಕಹಿ ಕಿತ್ತಳೆಯ ಮಾರ್ಮಲೇಡು. ಮೊದಲಿನಿಂದ ಕೊನೆಯವರೆಗೂ ಚಹಾ. ೧೮೬೧ರಲ್ಲಿ ಪುಸ್ತಕರೂಪವಾಗಿ ಹೊರಟ ಶ್ರೀಮತಿ ಬೀಟನ್ ಎಂಬಾಕೆಯ ಗೃಹಕೃತ್ಯ ಗ್ರಂಥವನ್ನು ತೆರೆದು ನೋಡಿದರೆ, ಸಿರಿವಂತರ ಮನೆಗಳಲ್ಲಿ ಇದಲ್ಲದೆ ಮೀನು, ಕುರಿಯ ಮೂತ್ರಪಿಂಡ, ತಣ್ಣನೆಯ ಮಾಂಸ ಇವೂ ಬೆಳಗಿನ ಮೇಜಿನ ಮೇಲೆ ಇರುತ್ತಿದ್ದವೆಂದು ಕಾಣುತ್ತದೆ. ಬಡವರಿಗೆ ಇವಾವುವೂ ಇರಲಿಲ್ಲ. ರೊಟ್ಟಿ, ಚಹಾ, ದೊರೆತರೆ ಒಂದು ಚೂರು ಬೇಕನ್, ಅದೂ ದುಡಿಯುವ ಗಂಡಸಿಗೆ. ಹೆಂಗಸು ತಾನು ಆ ಕೊಬ್ಬಿನಲ್ಲಿ ರೊಟ್ಟಿಯನ್ನು ಅದ್ದಿಕೊಳ್ಳುತ್ತಿದ್ದಳು. ನಮ್ಮ ದೇಶದಲ್ಲಿಯೂ ಈ ಕ್ರಮವು ಅಪರಿಚಿತವಲ್ಲ.

ಇಂಥ ತಟ್ಟೆಯು ಪರದೇಶದಲ್ಲಿ ಸರಿಯಾಗಿ ದೊರೆಯದೆ ಇರುವುದಕ್ಕೆ ಕಾರಣಗಳುಂಟು. ಸ್ಪೇನಿನವನು ರಾತ್ರಿ ಒಂಬತ್ತು ಹತ್ತು ಗಂಟೆಗೆ ಊಟಕ್ಕೆ ಕುಳಿತುಕೊಳ್ಳುವನು. ಬೆಳಗ್ಗೆ ಅವನಿಗೆ ಹಸಿವೆಲ್ಲಿಂದ ಬರಬೇಕು? ಸುಟ್ಟ ರೊಟ್ಟಿಗೆ ಟೊಮೇಟೊವನ್ನು ತಿಕ್ಕಿ, ಓಲಿವ್ ಎಣ್ಣೆಯನ್ನು ಬಿಟ್ಟು, ಕಾಫಿಯೊಡನೆ ತಿಂದು ಹೊರಡುವನು. ಫ್ರಾನ್ಸಿನವನು ಒಂದು ಕ್ರ್ವಾಸಾನು, ಒಂದು ಬಟ್ಟಲು ಹಾಲುಕಾಫಿ ಇವುಗಳಿಂದ ತೃಪ್ತನು. ಸಾಮಗ್ರಿಯೂ ಬೇರೆ. ಇಂಗ್ಲಿಷರ ಬೇಕನ್ ಹಂದಿಯ ಬೆನ್ನಿನ ಭಾಗದ್ದು. ಇತರ ದೇಶಗಳ ಅಂಗಡಿಗಳಲ್ಲಿ ಹೆಚ್ಚಾಗಿ ದೊರೆಯುವುದು ಹೊಟ್ಟೆಯ ಭಾಗದ್ದು, ಕೊಬ್ಬಿನ ಪಟ್ಟೆಗಳುಳ್ಳದ್ದು. ಇಂಗ್ಲಿಷರ ಸಾಸೇಜಿನಲ್ಲಿ ಒಣಗಿಸಿದ ರೊಟ್ಟಿಯ ಪುಡಿಯು ಬೆರೆತಿರುವುದು, ಅದರಿಂದಲೇ ಅದಕ್ಕೆ ಆ ಮೃದುತ್ವ. ಬರಿಯ ಮಾಂಸದಿಂದ ಮಾಡುವ ಜರ್ಮನರಿಗಾಗಲಿ ಫ್ರೆಂಚರಿಗಾಗಲಿ ಅದು ಕಲಬೆರಕೆಯಂತೆ ತೋರುವುದು. ಫ್ರಾನ್ಸ್, ಸ್ಪೇನ್ ದೇಶಗಳ ಅಂಗಡಿಗಳಲ್ಲಿ ಮಾರುವ ಹಾಲಿನ ಬಹುಭಾಗವು ಅತಿಯಾಗಿ ಕಾಯಿಸಿ, ತಿಂಗಳುಗಟ್ಟಲೆ ಕೆಡದಂತೆ ಮಾಡಿದ ಹಾಲು. ಅದನ್ನು ಬೆರೆಸಿದ ಚಹಾಕ್ಕೆ ಒಂದು ತೆರನಾದ ಸೀದ ರುಚಿ ಬರುವುದು. ಮಾರ್ಮಲೇಡನ್ನು ಕೇಳಿದರಂತೂ ಕೇಳಿದ್ದು ಒಂದು, ಬರುವುದು ಇನ್ನೊಂದು. ಜರ್ಮನಿಯಲ್ಲಿ ಆ ಹೆಸರಿಗೆ ಯಾವ ಹಣ್ಣಿನ ಜಾಮಾದರೂ ಸಲ್ಲುವುದು. ಪೋರ್ಚುಗಲ್ಲಿನಲ್ಲಿ ಸೇಬನ್ನು ಹೋಲುವ ಕ್ವಿನ್ಸ್ ಎಂಬ ಹಣ್ಣಿನ ಗಟ್ಟಿಯಾದ ಹಲ್ವವನ್ನು ತಂದಿಡುವರು. ತಂದವನ ತಪ್ಪೇನೂ ಇಲ್ಲ, ಆ ಹಣ್ಣಿಗೆ ಅವರ ಭಾಷೆಯಲ್ಲಿ ಮಾರ್ಮೆಲೊ ಎಂದೇ ಹೆಸರು, ಇಂಗ್ಲಿಷರ ಮಾತು ಹುಟ್ಟಿದ್ದೂ ಅದರಿಂದಲೇ.

ಚಹಾದ ವಿಚಾರದಲ್ಲಿ ನಾವೇ ಸಾಕ್ಷಿ. ಇಂಗ್ಲೆಂಡಿನಲ್ಲಿ ಶಿಕ್ಷಣಕ್ಕಾಗಿ ಇದ್ದ ಕಾಲದಲ್ಲಿ, ಈಸ್ಟರ್ ರಜೆಯಲ್ಲಿ ಇಬ್ಬರು ಇಂಗ್ಲಿಷ್ ಗೆಳತಿಯರೊಡನೆ ಪ್ಯಾರಿಸಿಗೆ ಹೋಗಿದ್ದೆವು. ತಂಗಿದ್ದ ಹೋಟೆಲಿನಲ್ಲಿ, ಆರಿದ ನೀರಿನ ಬಟ್ಟಲನ್ನು ಮುಂದಿಟ್ಟು, ಚಹಾದ ಚಿಕ್ಕ ಚೀಲವನ್ನು ಸಾಸರಿನ ಅಂಚಿನಲ್ಲಿ ಒರಗಿಸಿ ಹೋದರು. ನಮ್ಮ ಗೆಳತಿಯರಲ್ಲಿ ಒಬ್ಬಳು, ಮೂರು ದಿನದಿಂದ ಯಾವುದಕ್ಕೂ ಗೊಣಗದಿದ್ದವಳು, ಆ ಬಟ್ಟಲನ್ನು ನೋಡಿ ಕಣ್ಣೀರು ತಂದುಕೊಂಡಳು. ಚಹಾದ ಎಲೆಯ ಮೇಲೆ ಕುದಿಯುವ ನೀರು ಬೀಳಬೇಕು. ಆರಿದ ನೀರಿಗೆ ಎಲೆಯನ್ನು ಅದ್ದಿದರೆ ಸಾರವು ಇಳಿಯುವುದಿಲ್ಲ. ಇಷ್ಟು ಸಣ್ಣ ಸಂಗತಿಗೆ ಅಳುವುದೇ ಎಂದು ಆಗ ಮನಸ್ಸಿನಲ್ಲಿಯೇ ಅಂದುಕೊಂಡೆವು. ಆದರೆ ಅದೇ ವರ್ಷದ ಚಳಿಗಾಲದಲ್ಲಿ, ಲಂಡನ್ನಿನ ರೈಲು ನಿಲ್ದಾಣವೊಂದರಲ್ಲಿ, ಯಾರದೋ ಬುತ್ತಿಯಿಂದ ಸಾಸಿವೆ ಇಂಗಿನ ಒಗ್ಗರಣೆಯ ವಾಸನೆ ಬಂದಾಗ, ಕೈಯಲ್ಲಿದ್ದ ಪುಸ್ತಕವನ್ನು ಮಡಿಸಿ ಆ ಕಡೆಗೆ ನಾಲ್ಕು ಹೆಜ್ಜೆ ನಡೆದುಹೋದವರೂ ನಾವೇ.

ಇಷ್ಟಕ್ಕೂ ಈ ತಟ್ಟೆಯಲ್ಲಿ ಇಂಗ್ಲೆಂಡಿನದು ಎಷ್ಟು? ಟೊಮೇಟೊ ಅಮೆರಿಕದಿಂದ ಬಂದದ್ದು. ಆ ಕಾಳೂ ಅಮೆರಿಕದ್ದು. ಹೈನ್ಜ್ ಕಂಪೆನಿಯ ಕಾಳಿನ ಡಬ್ಬಿಗಳು ಲಂಡನ್ನಿನ ಫೋರ್ಟ್ನಮ್ ಅಂಡ್ ಮೇಸನ್ ಅಂಗಡಿಯಲ್ಲಿ ಮೊದಲು ಮಾರಾಟಕ್ಕೆ ಬಂದಾಗ ಅವು ಸಿರಿವಂತರ ತಿನಿಸಾಗಿದ್ದವು. ಬೇಕನ್ನಿನ ದೊಡ್ಡ ಪಾಲೊಂದನ್ನು ಒಂದು ಶತಮಾನಕ್ಕೂ ಮಿಕ್ಕಿ ಡೆನ್ಮಾರ್ಕಿನ ರೈತರು ಒದಗಿಸುತ್ತ ಬಂದರು. ೧೮೮೭ರಲ್ಲಿ ಜರ್ಮನಿಯು ಅವರ ಜೀವಂತ ಹಂದಿಗಳು ಒಳಗೆ ಬರಕೂಡದೆಂದು ತಡೆಯಲು, ಆ ವರ್ಷವೇ ಹಾರ್ಸೆನ್ಸ್ ಎಂಬ ಊರಿನಲ್ಲಿ ರೈತರೆಲ್ಲ ಸೇರಿ ಸಹಕಾರ ಪದ್ಧತಿಯ ಮೇಲೆ ಬೇಕನ್ ಕಾರ್ಖಾನೆಯನ್ನು ತೆರೆದು, ಇಂಗ್ಲಿಷರ ಬೆಳಗಿನ ಹಸಿವಿಗೆ ತಕ್ಕಂತೆ ಹಂದಿಯನ್ನು ಸಾಕಲು ತೊಡಗಿದರು. ಮಾರ್ಮಲೇಡಿನ ಕಹಿ ಕಿತ್ತಳೆಯು ಸ್ಪೇನಿನ ಸೆವಿಲ್ ನಗರದ್ದು. ಅರಬರು ತಂದು ನೆಟ್ಟ ಆ ಮರಗಳು ಈಗಲೂ ಅಲ್ಲಿಯ ಬೀದಿಗಳಲ್ಲಿ ಸಾಲಾಗಿವೆ. ಊರಿನವರು ಆ ಹಣ್ಣನ್ನು ಬಹುಮಟ್ಟಿಗೆ ಮುಟ್ಟುವುದಿಲ್ಲ, ತೋಟಗಳಲ್ಲಿ ಬೆಳೆದದ್ದು ಚಳಿಗಾಲದಲ್ಲಿ ಹಡಗೇರಿ ಬ್ರಿಟನ್ನಿಗೆ ಹೋಗುವುದು. ಚಹಾದ ಮಾತನ್ನಂತೂ ನಮ್ಮವರಿಗೆ ಹೇಳಬೇಕಾಗಿಲ್ಲ. ಮೊದಲು ಚೀನದ್ದು, ೧೮೩೯ರಲ್ಲಿ ಅಸ್ಸಾಮಿನ ಚಹಾ ಲಂಡನ್ನಿನಲ್ಲಿ ಮೊದಲ ಸಲ ಹರಾಜಾದ ಮೇಲೆ ಕ್ರಮೇಣ ನಮ್ಮದು, ಬಳಿಕ ಸಿಂಹಳದ್ದು, ಈಗ ಬಹಳ ಮಟ್ಟಿಗೆ ಕೆನ್ಯಾದ್ದು. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಬೆಳಗಿನ ಮೇಜಿಗೆ ಬರುತ್ತಿದ್ದ ಕೆಜರಿಯು ನಮ್ಮ ಕಿಚಡಿಯೇ. ಬೇಳೆಯನ್ನು ಬಿಟ್ಟು ಹೊಗೆಯಾಡಿಸಿದ ಮೀನನ್ನೂ ಬೇಯಿಸಿದ ಮೊಟ್ಟೆಯನ್ನೂ ಹಾಕಿಕೊಂಡು, ಹೆಸರನ್ನೂ ತಿರುಚಿಕೊಂಡದ್ದು. ಹೀಗೆ ಪರದೇಶಗಳೆಲ್ಲ ಸೇರಿ ಇಂಗ್ಲಿಷನ ತಟ್ಟೆಯನ್ನು ತುಂಬಿರಲು, ಅವನು ಆ ಪರದೇಶಗಳಿಗೆ ಹೋಗಿ ಇಲ್ಲಿ ನನಗೆ ತಿನ್ನುವಂಥದು ಏನೂ ಇಲ್ಲವೆನ್ನುವುದು ವಿಚಿತ್ರವಲ್ಲವೆ?

ಸ್ವದೇಶದಲ್ಲಿಯೂ ಅದು ದೊರೆಯದೆ ಹೋದ ಕಾಲವೊಂದಿತ್ತು. ೧೯೪೦ನೆಯ ಇಸವಿ ಜನವರಿ ೮ರಿಂದ ಬೇಕನ್, ಬೆಣ್ಣೆ, ಸಕ್ಕರೆಗಳಿಗೆ ಪಡಿತರವು ಬಂದಿತು. ವಾರಕ್ಕೆ ತಲೆಗೆ ನಾಲ್ಕು ಔನ್ಸ್ ಬೇಕನ್, ಎರಡು ಔನ್ಸ್ ಚಹಾ, ದೊರೆತರೆ ಒಂದು ಮೊಟ್ಟೆ. ಮೊಟ್ಟೆಯ ಪುಡಿಯನ್ನು ಅಮೆರಿಕದಿಂದ ಡಬ್ಬಿಗಳಲ್ಲಿ ತರಿಸಿ ನೀರಿನಲ್ಲಿ ಕಲಸಿ ಹುಯ್ಯುತ್ತಿದ್ದರು. ಯುದ್ಧವು ಮುಗಿದ ಮೇಲೆ, ೧೯೪೬ರಿಂದ ೧೯೪೮ರವರೆಗೆ, ರೊಟ್ಟಿಗೂ ಪಡಿತರ ಬಂದಿತು. ಎಲ್ಲವೂ ಮುಗಿದದ್ದು ೧೯೫೪ರ ಜುಲೈ ತಿಂಗಳಲ್ಲಿ. ಆ ವರ್ಷಗಳಲ್ಲಿ ನಮ್ಮ ಸೀಮೆಯ ಮಿಶನ್ ಬಂಗಲೆಗಳಲ್ಲಿದ್ದ ಮಿಸ್ಸಮ್ಮನವರಿಗೆ ಇಲ್ಲಿ ಸಲೀಸಾಗಿ ಸಿಕ್ಕುತ್ತಿದ್ದ ಎರಡು ನಾಟಿ ಕೋಳಿಯ ಮೊಟ್ಟೆ, ಅವರ ತಾಯಿಗೆ ಅಲ್ಲಿ ಹದಿನೈದು ದಿನದ ಪಡಿಯಾಗಿತ್ತು.

ಬಂಗಲೆಯ ಮಾತು ಬಂದದ್ದರಿಂದ ನಮ್ಮ ದೇಶದ ಸಂಗತಿಗೆ ಬರುತ್ತೇವೆ. ಇಲ್ಲಿಯ ಇಂಗ್ಲಿಷರು ನಸುಕಿನಲ್ಲಿ ಚಹಾ, ಸುಟ್ಟ ರೊಟ್ಟಿ, ಒಂದು ಬಾಳೆಯ ಹಣ್ಣು ಇವುಗಳನ್ನು ಚೋಟಾ ಹಾಜರಿ ಎಂದು ತೆಗೆದುಕೊಂಡು, ಬಿಸಿಲೇರುವ ಮೊದಲು ಸವಾರಿಯನ್ನೋ ಕೆಲಸವನ್ನೋ ಮುಗಿಸಿ, ಒಂಬತ್ತು ಹತ್ತು ಗಂಟೆಗೆ ದೊಡ್ಡ ಊಟಕ್ಕೆ ಕುಳಿತುಕೊಳ್ಳುತ್ತಿದ್ದರು. ಮದ್ರಾಸ್ ಸೈನ್ಯದಲ್ಲಿದ್ದ ಕೆನ್ನಿ ಹರ್ಬರ್ಟ್ ಎಂಬ ಅಧಿಕಾರಿಯು ವೈವರ್ನ್ ಎಂಬ ಹೆಸರಿನಿಂದ ೧೮೭೮ರಲ್ಲಿ ಮದ್ರಾಸಿನ ಅಡಿಗೆಯನ್ನು ಕುರಿತು ಒಂದು ಪುಸ್ತಕವನ್ನೂ, ತಾಯ್ನಾಡಿಗೆ ಮರಳಿದ ಮೇಲೆ ೧೮೯೪ರಲ್ಲಿ ಐವತ್ತು ಬೆಳಗಿನ ಊಟಗಳನ್ನು ಕುರಿತು ಇನ್ನೊಂದನ್ನೂ ಬರೆದನು. ಸೀಮೆಯಿಂದ ಬಂದ ಡಬ್ಬಿಗಳನ್ನು ನಂಬಿಕೊಂಡು, ಇಲ್ಲಿಯ ಪೇಟೆಯಲ್ಲಿ ದೊರೆಯುವ ಹೊಸ ಪದಾರ್ಥಗಳನ್ನು ತುಚ್ಛವಾಗಿ ಕಾಣುವ ತನ್ನ ದೇಶಸ್ಥರನ್ನು ಆತನು ಚೆನ್ನಾಗಿ ಬೈದಿದ್ದಾನೆ. ಸೈನಿಕನಾದರೂ ನಮ್ಮ ಪಕ್ಷದವನೇ.

ಆದರೆ ಆ ಐವತ್ತು ಊಟಗಳನ್ನು ಬೇಯಿಸಿದ ಕೈಗಳು ಯಾರವು? ಇಲ್ಲಿ ನಮ್ಮ ಮನಸ್ಸಿನಲ್ಲಿ ಬಹುಕಾಲದಿಂದ ಇದ್ದ ಒಂದು ಮಾತನ್ನು ಬರೆಯಬೇಕಾಗಿದೆ. ನಾವು ಬೋರ್ಡಿಂಗಿನಲ್ಲಿದ್ದಾಗ ಬೆಳಗ್ಗೆ ಆರು ಗಂಟೆಗೆ ನಮಗೆ ರಾಗಿಯ ಗಂಜಿ, ಭಾನುವಾರ ಮಾತ್ರ ಉಪ್ಪಿಟ್ಟು. ಬಂಗಲೆಯ ಕಡೆಯಿಂದ ರೊಟ್ಟಿಯನ್ನು ಸುಡುವ ವಾಸನೆಯು ಗಾಳಿಯಲ್ಲಿ ತೇಲಿಬರುತ್ತಿತ್ತು. ಗಂಜಿಯ ಬಟ್ಟಲನ್ನು ಹಿಡಿದುಕೊಂಡು ಆ ವಾಸನೆಯನ್ನು ನಂಚಿಕೊಳ್ಳುತ್ತೇವೆಂದು ದೊಡ್ಡ ಹುಡುಗಿಯರು ಹಾಸ್ಯ ಮಾಡುತ್ತಿದ್ದರು. ಬಂಗಲೆಯಲ್ಲಿ ಅಡಿಗೆಗಿದ್ದವರನ್ನು ನಾವೆಲ್ಲ ಬಟ್ಲರಣ್ಣನೆಂದು ಕರೆಯುತ್ತಿದ್ದೆವು. ಅವರು ನಾಲ್ಕು ಗಂಟೆಗೆ ಎದ್ದು, ಸೌದೆಯ ಒಲೆಯ ಕೆಂಡವನ್ನು ಮುಂದಕ್ಕೆ ಎಳೆದು, ತಂತಿಯ ಜಾಲರಿಯ ಮೇಲೆ ರೊಟ್ಟಿಯನ್ನು ಎರಡು ಕಡೆಯೂ ಒಂದೇ ಬಣ್ಣಕ್ಕೆ ಸುಡುತ್ತಿದ್ದರು. ಬೇಕನ್ ಡಬ್ಬಿಯಲ್ಲಿ ಬರುತ್ತಿತ್ತು; ಹಬ್ಬಕ್ಕೆ ಮಾತ್ರ ಡಬ್ಬಿ ತೆರೆಯುತ್ತಿದ್ದರು. ಒಮ್ಮೆ ನಾವು ಯಾವುದೋ ಚೀಟಿಯನ್ನು ತಲುಪಿಸಲು ಕುಸಿನಿಗೆ ಹೋದಾಗ, ಅದರ ರುಚಿ ಹೇಗಿರುತ್ತದೆ ಬಟ್ಲರಣ್ಣ ಎಂದು ಕೇಳಿದೆವು. "ಮೂವತ್ತು ವರ್ಷ ಆಯಿತಮ್ಮಾ ಕರಿಯೋದಕ್ಕೆ ಶುರು ಮಾಡಿ; ರುಚಿ ಗೊತ್ತಿಲ್ಲ, ವಾಸನೆ ಗೊತ್ತು. ವಾಸನೆಯಿಂದಲೇ ಹದ ಹೇಳುತ್ತೀನಿ" ಎಂದರು. ಬೇಸರದಿಂದ ಹೇಳಿದ ಮಾತಲ್ಲ, ತಮ್ಮ ಕೆಲಸದ ಹೆಮ್ಮೆಯಿಂದ ಹೇಳಿದ್ದು. ಅದರಿಂದಲೇ ನಮಗೆ ಅದು ಮರೆತುಹೋಗಲಿಲ್ಲವೆಂದು ತೋರುತ್ತದೆ.

ಮಿಸ್ಸಮ್ಮನವರು ಕೆಟ್ಟವರೆಂದು ಯಾರೂ ತಿಳಿಯಬಾರದು. ಜ್ವರ ಬಂದ ಮಕ್ಕಳ ಹಾಸಿಗೆಯ ಬಳಿ ರಾತ್ರಿಯೆಲ್ಲ ಕುಳಿತಿದ್ದವರು ಅವರು; ಅನೇಕರ ಫೀಜನ್ನು ಹೆಸರು ಹೇಳದೆ ಕಟ್ಟಿದವರು. ಅವರಿಗೆ ಆ ಬೆಳಗಿನ ತಟ್ಟೆಯೊಂದೇ ತವರಾಗಿತ್ತು. ಮಿಕ್ಕ ಹಗಲೆಲ್ಲ ಅವರು ನಮ್ಮ ಭಾಷೆ, ನಮ್ಮ ಬಿಸಿಲು, ನಮ್ಮ ಗಲಾಟೆಗಳಲ್ಲಿ ಇರುತ್ತಿದ್ದರು. ಇದು ನಮಗೆ ತಿಳಿದದ್ದು ಮುಂದೆ, ಇಂಗ್ಲೆಂಡಿನಲ್ಲಿದ್ದಾಗ. ಅವರು ನಿವೃತ್ತರಾಗಿ ಸಣ್ಣದೊಂದು ಮನೆಯಲ್ಲಿ ತಂಗಿಯೊಡನೆ ಇದ್ದರು. ಜನವರಿಯ ಒಂದು ಶನಿವಾರ ನಾವು ಅಲ್ಲಿಗೆ ಹೋಗಿ ರಾತ್ರಿ ತಂಗಿದೆವು. ಬೆಳಗ್ಗೆ ಎದ್ದು ನೋಡಿದರೆ ಮೇಜಿನ ಮೇಲೆ, ತಂಗಿಯ ಮುಂದೆ ಬೇಕನ್ ಮತ್ತು ಮೊಟ್ಟೆ. ಮಿಸ್ಸಮ್ಮನವರ ಮುಂದೆ ಉಪ್ಪಿಟ್ಟು! ಅಲ್ಲಿಯವರು ಹಾಲಿನ ಪುಡ್ಡಿಂಗಿಗಾಗಿ ಕೊಳ್ಳುವ ರವೆಯನ್ನು ತಂದು, ಹುರಿದು, ಈರುಳ್ಳಿ ಹಾಕಿ ಮಾಡಿದ್ದರು. ಕರಿಬೇವಿಲ್ಲ, ಹಸಿಮೆಣಸಿಗೆ ಬದಲಾಗಿ ಕರಿಮೆಣಸು. "ವಾರಕ್ಕೆ ಎರಡು ದಿನ ಇದು ಬೇಕೇ ಬೇಕು, ನನ್ನ ತಂಗಿ ನಗುತ್ತಾಳೆ" ಎಂದು ಶುದ್ಧ ಕನ್ನಡದಲ್ಲಿ ಹೇಳಿದರು. ಮಾತಿನಲ್ಲಿ ಮಾತು ಬಂದು, ಬಟ್ಲರಣ್ಣನು ಅಂದು ಹೇಳಿದ್ದನ್ನು ನಾವು, ತಮಾಷೆಯೆಂದೇ ಎಣಿಸಿ, ಹೇಳಿಬಿಟ್ಟೆವು. ಅವರು ಚಮಚವನ್ನು ಕೆಳಗಿಟ್ಟರು. ಸ್ವಲ್ಪ ಹೊತ್ತಿನ ಮೇಲೆ, ಆತನು ಈಗ ಹೇಗಿದ್ದಾನೆಂದು ಕೇಳಿದರು. ಹಿಂದಿನ ವರ್ಷವೇ ತೀರಿಕೊಂಡರೆಂದು ನಾವು ಹೇಳಬೇಕಾಯಿತು. ಆ ದಿನ ದೇವಾಲಯಕ್ಕೆ ನಡೆದು ಹೋಗುವಾಗ ದಾರಿಯಲ್ಲಿ ಅವರು ಮಾತನಾಡಲಿಲ್ಲ.

ಆದಕಾರಣ, ಒಳ್ಳೆಯ ಬೆಳಗಿನ ಊಟವನ್ನು ಪರದೇಶದಲ್ಲಿ ಹುಡುಕುವವರಿಗೆ, ಅವರು ಇಂಗ್ಲಿಷರಾಗಿರಲಿ ನಮ್ಮವರಾಗಿರಲಿ, ನಾವು ಹೇಳುವುದಿಷ್ಟು. ಚಿತ್ರದ ಹಲಗೆಯನ್ನು ನಂಬಬಾರದು. ದೊಡ್ಡ ಹೋಟೆಲುಗಳಲ್ಲಿ ದೀಪದ ಕೆಳಗೆ ಹರಿವಾಣಗಳಲ್ಲಿ ಹರಡಿಟ್ಟಿರುವ ಮೊಟ್ಟೆಯು ಅರ್ಧ ಗಂಟೆಯಲ್ಲಿ ಚರ್ಮದಂತಾಗುವುದು. ಅದನ್ನು ಬಿಟ್ಟು, ಕೇಳಿದ ಮೇಲೆ ಒಲೆಯ ಮೇಲಿಟ್ಟು ಮಾಡಿಕೊಡುವ ಸಣ್ಣ ಅಂಗಡಿಯನ್ನು ಹುಡುಕಬೇಕು. ಪೆಟ್ಟಿಗೆಯಲ್ಲಿ ಒಯ್ಯತಕ್ಕವು ಎರಡೇ: ತನಗೆ ಒಗ್ಗಿದ ಚಹಾದ ಪುಡಿ, ಒಂದು ಸೀಸೆ ಮಾರ್ಮಲೇಡು. ಉಳಿದದ್ದನ್ನು ಆಯಾ ಊರಿನ ಪೇಟೆಯೇ ಕೊಡುವುದು. ಸ್ಪೇನಿನ ಟೊಮೇಟೊ ಇಂಗ್ಲೆಂಡಿನ ಮಬ್ಬು ಬಿಸಿಲಿನಲ್ಲಿ ಎಂದೂ ಹಣ್ಣಾಗದಷ್ಟು ಹಣ್ಣಾಗಿರುವುದು. ಕಪ್ಪು ಪುಡ್ಡಿಂಗಿಲ್ಲವೆಂದು ಮರುಗುವವನು, ಬುರ್ಗೋಸ್ ಸೀಮೆಯವರು ಅಕ್ಕಿಯನ್ನು ಸೇರಿಸಿ ಮಾಡುವ ಮೊರ್ಸಿಯಾವನ್ನೋ ಫ್ರೆಂಚರ ಬೂದ್ಯಾಂ ನ್ವಾರನ್ನೋ ಬಾಣಲೆಗೆ ಹಾಕಿ ನೋಡಲಿ. ಅಣಬೆಯ ವಿಚಾರದಲ್ಲಿ ಫ್ರಾನ್ಸಿಗೆ ಸಮನಿಲ್ಲ. ಬಾಣಲೆ ಇರುವ ಬಾಡಿಗೆಯ ಕೋಣೆಯು ಬಾಣಲೆ ಇಲ್ಲದ ಅರಮನೆಗಿಂತ ಮೇಲು.

ದುಬೈ ಮೊದಲಾದ ಮುಸಲ್ಮಾನರ ದೇಶಗಳಲ್ಲಿ ಹಂದಿಯ ಮಾಂಸವು ನಿಷಿದ್ಧ. ದುಬೈಯ ಕೆಲವು ಅಂಗಡಿಗಳಲ್ಲಿ ಇತರ ಮತಸ್ಥರಿಗಾಗಿ ಅದನ್ನು ಪ್ರತ್ಯೇಕವಾದ ಕೋಣೆಯಲ್ಲಿ ಮಾರುವರು; ಊಟದ ಅಂಗಡಿಗಳಲ್ಲಿ ದನದ ಮಾಂಸದಿಂದಲೋ ಟರ್ಕಿ ಕೋಳಿಯಿಂದಲೋ ಮಾಡಿದ ಬೇಕನ್ ಬರುವುದು. ಅದು ನಿಜವಾದ ಬೇಕನ್ ಅಲ್ಲವೆಂದು ಪರಿಚಾರಕನೊಡನೆ ಜಗಳವಾಡುವುದು ಸಭ್ಯರಿಗೆ ಒಪ್ಪುವಂಥದಲ್ಲ. ಮೊಟ್ಟೆ, ಟೊಮೇಟೊ, ಅಣಬೆ, ರೊಟ್ಟಿ ಇವಿದ್ದರೆ ಇನ್ನೇನು ಬೇಕು?

ಸಿಂಗಪುರ, ಮಲಯ ದೇಶಗಳಲ್ಲಿ ಈ ಊಟವು ಪಡೆದ ರೂಪವನ್ನು ನೋಡಿದರೆ ನಮಗೆ ಬಹಳ ಸಂತೋಷವಾಗುತ್ತದೆ. ಇಂಗ್ಲಿಷರ ಮನೆಗಳಲ್ಲಿಯೂ ಹಡಗುಗಳಲ್ಲಿಯೂ ಅಡಿಗೆಯಾಳುಗಳಾಗಿದ್ದ ಹೈನಾನ್ ದ್ವೀಪದ ಚೀನೀಯರು ಮುಂದೆ ತಮ್ಮದೇ ಆದ ಕಾಫಿಯ ಅಂಗಡಿಗಳನ್ನು ತೆರೆದು, ಸುಟ್ಟ ರೊಟ್ಟಿಯ ಮೇಲೆ ಜಾಮಿಗೆ ಬದಲಾಗಿ ತೆಂಗಿನಹಾಲು ಮೊಟ್ಟೆ ಸಕ್ಕರೆಗಳಿಂದ ಮಾಡಿದ ಕಾಯಾ ಎಂಬ ಸಿಹಿಯನ್ನು ಸವರಿ, ಜೊತೆಗೆ ಅರೆಬೆಂದ ಎರಡು ಮೊಟ್ಟೆಗಳನ್ನು ಸೋಯಾ ರಸದೊಡನೆ ಕೊಡಲು ತೊಡಗಿದರು. ಹಾಂಗ್‌ಕಾಂಗಿನ ಚಹಾದ ಅಂಗಡಿಗಳಲ್ಲಿ ಮೊಟ್ಟೆ, ರೊಟ್ಟಿಗಳ ಪಕ್ಕದಲ್ಲಿ ಹಂದಿಯ ಮಾಂಸದ ಎಳೆಗಳು ತೇಲುವ ಮ್ಯಾಕರೋನಿಯ ಸಾರು, ಗಟ್ಟಿ ಹಾಲಿನ ಕಡುಚಹಾ. ನಮ್ಮ ರೈಲುಗಾಡಿಗಳ ಬ್ರೆಡ್ಡು, ಆಮ್ಲೆಟ್ಟು, ತರಕಾರಿಯ ಕಟ್ಲೆಟ್ಟು ಇವೂ ಅದೇ ವಂಶದವು. ಬೇಯಿಸಿದವರು ಮೇಜಿಗೆ ಬಂದು ಕುಳಿತ ಮೇಲೆ ಹುಟ್ಟಿದ ಊಟಗಳು ಇವು. ರುಚಿಯಲ್ಲಿ ಮೂಲಕ್ಕಿಂತ ಮಿಗಿಲೆಂದು ನಾವು ಹೇಳಿದರೆ ಇಂಗ್ಲಿಷ್ ಗೆಳತಿಯರು ಕ್ಷಮಿಸಬೇಕು.

ತಾಯ್ತಂದೆಗಳಿಗೂ ಒಂದು ಮಾತು. ನಮ್ಮ ಶಾಲೆಯಲ್ಲಿ ಕಲಿತ ಅನೇಕ ಹೆಣ್ಣುಮಕ್ಕಳು ಈಗ ದಾದಿಯರಾಗಿಯೂ ವಿದ್ಯಾರ್ಥಿನಿಯರಾಗಿಯೂ ಇಂಗ್ಲೆಂಡಿನಲ್ಲಿದ್ದಾರೆ. ಇಡ್ಲಿಗಾಗಿ ಒಂದು ಗಂಟೆ ಬಸ್ಸಿನಲ್ಲಿ ಹೋಗಿ ದುಡ್ಡನ್ನು ವ್ಯರ್ಥ ಮಾಡುತ್ತಾಳೆಂದು ತಾಯಿಯೊಬ್ಬರು ನಮ್ಮೊಡನೆ ದೂರಿದರು. ಅಮ್ಮಾ, ಹೋಗಲಿ ಬಿಡಿ. ತಿಂಗಳಿಗೊಮ್ಮೆ ಒಂದು ತಟ್ಟೆ ಇಡ್ಲಿಯು ವೈದ್ಯರ ಫೀಜಿಗಿಂತ ಅಗ್ಗ. ಉಳಿದ ದಿನಗಳಲ್ಲಿ ಅಲ್ಲಿಯ ಓಟ್ಸಿನ ಗಂಜಿಯನ್ನು ಉಪ್ಪು ಮಜ್ಜಿಗೆ ಹಾಕಿ ಕುಡಿಯಲು ಹೇಳಿರಿ, ನಮ್ಮ ರಾಗಿಯ ಗಂಜಿಯನ್ನು ಕುಡಿದ ನಾಲಿಗೆಗೆ ಅದು ಅಷ್ಟೇನೂ ದೂರವಲ್ಲ. ಅವಳು ಆಸ್ಪತ್ರೆಯಲ್ಲಿ ಮುದುಕಿಯೊಬ್ಬಳಿಗೆ ಬೆಳಗಿನ ತಟ್ಟೆಯನ್ನು ಒಯ್ಯುವಾಗ ಚಹಾದ ನೀರು ಕುದಿದಿದೆಯೇ ಎಂದು ನೋಡಿಕೊಳ್ಳಲಿ.

ಕೊನೆಯದಾಗಿ ಒಂದು ಬಿನ್ನಹವುಂಟು. ನಮ್ಮ ಬಂಗಲೆಯಲ್ಲಿ ಸೆವಿಲ್ಲಿನ ಕಿತ್ತಳೆ ಎಲ್ಲಿಂದ ಬರಬೇಕು? ಬಟ್ಲರಣ್ಣನು ಉಪ್ಪಿನಕಾಯಿಗೆ ಹಾಕುವ ಹೇರಳೆಕಾಯಿಯಿಂದ ಮಾರ್ಮಲೇಡನ್ನು ಮಾಡುತ್ತಿದ್ದರು. ಸಿಪ್ಪೆಯನ್ನು ದಾರದಂತೆ ಹೆಚ್ಚಿ ರಾತ್ರಿಯೆಲ್ಲ ನೀರಿನಲ್ಲಿ ನೆನೆಯಿಟ್ಟು, ಬೀಜ ಮತ್ತು ಒಳಗಿನ ಬಿಳಿಯ ತಿರುಳನ್ನು ಮಲ್ಲಿನ ಬಟ್ಟೆಯಲ್ಲಿ ಗಂಟು ಕಟ್ಟಿ ಅದರೊಡನೆ ಕುದಿಸುತ್ತಿದ್ದರು. ಪಾಕವು ಗಟ್ಟಿಯಾಗುವುದು ಆ ಗಂಟಿನ ಸಾರದಿಂದ. ಸಿಪ್ಪೆಯು ಪೂರ್ತಿ ಮೆತ್ತಗಾದ ಮೇಲೆಯೇ ಸಕ್ಕರೆ. ಮೊದಲೇ ಹಾಕಿದರೆ ಸಿಪ್ಪೆ ಬಿರುಸಾಗಿಬಿಡುವುದು. ತಣ್ಣನೆಯ ತಟ್ಟೆಯ ಮೇಲೆ ಒಂದು ಹನಿಯನ್ನು ಬಿಟ್ಟು, ಬೆರಳಿನಿಂದ ತಳ್ಳಿ, ಸುಕ್ಕುಗಟ್ಟಿದರೆ ಇಳಿಸುತ್ತಿದ್ದರು. ಶಾಲೆಯ ವಾರ್ಷಿಕ ಮಾರಾಟದ ದಿನ ಆ ಸೀಸೆಗಳು ಮೊದಲ ಗಂಟೆಯಲ್ಲಿಯೇ ಖಾಲಿಯಾಗುತ್ತಿದ್ದುದನ್ನು ಹಳಬರು ನೆನಸಿಕೊಳ್ಳಬಹುದು. ಇದನ್ನು ಮಾತ್ರ ಅವರು ತಮ್ಮ ಮನೆಗೂ ಒಯ್ಯುತ್ತಿದ್ದರು. ಈಗಿನ ಬೋರ್ಡಿಂಗಿನವರು ಎರಡು ಸಲ ಮಾಡಿ ನೋಡಿದ್ದಾರೆ, ಕಹಿಯು ಮಿಕ್ಕುತ್ತದೆ. ಒಂದು ಡಜನ್ ಕಾಯಿಗೆ ಎಷ್ಟು ನೀರು, ಎಷ್ಟು ಸಕ್ಕರೆ, ಮೊದಲ ಕುದಿಯ ನೀರನ್ನು ಬಸಿದು ಚೆಲ್ಲುತ್ತಿದ್ದರೋ ಇಲ್ಲವೋ ಎಂಬುದನ್ನು ಗೃಹವಿಜ್ಞಾನದ ಪುಸ್ತಕದಲ್ಲಿ ಬರೆದಿಟ್ಟುಕೊಂಡ ಸೋದರಿಯರು ಯಾರಾದರೂ ಇದ್ದರೆ, ಮುಂದಿನ ಮಾರಾಟಕ್ಕೆ ಮೊದಲು ಶಾಲೆಯ ವಿಳಾಸಕ್ಕೆ ಬರೆದು ಕಳುಹಿಸಬೇಕಾಗಿ ಕೋರುತ್ತೇವೆ.